ಟೈರ್ ತಿನ್ನುತ್ತಿದ್ದ ಕಾರು: ಯಾರೂ ಅಳೆಯದೇ ಬಿಟ್ಟ ಹಿಂದಿನ ಚಕ್ರಗಳ ಕಥೆ

ಕಾರಿನ ಮಾಲೀಕರು ನನ್ನ ಸ್ನೇಹಿತರು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಈಗಿರುವ ಊರು, ಗ್ಯಾರೇಜುಗಳ ಗುರುತು, ಕಾರಿನ ಬಣ್ಣ ಎಲ್ಲವನ್ನೂ ಬಿಟ್ಟಿದ್ದೇನೆ. ಅಂಕಿಗಳು ನಾವು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದ ಹಾಳೆಯಿಂದ ತೆಗೆದವು. ಮೈಲಿಗಳನ್ನು ಕಿಲೋಮೀಟರಿಗೆ ಬದಲಾಯಿಸಿದ್ದೇನೆ.

ಹಿನ್ನೆಲೆ

ಕಾರು 2003ರ ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಅದು ಮಿಯಾಟಾ. ಎರಡೇ ಸೀಟು, ಮಡಚುವ ಬಟ್ಟೆ ಚಾವಣಿ, ಮುಂದೆ 1.8 ಲೀಟರ್ ಎಂಜಿನ್, ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ತೂಕ 1,100 ಕಿಲೋ ಆಸುಪಾಸು. ನಾಲ್ಕೂ ಮೂಲೆಯಲ್ಲಿ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತದೆ; ನಾಲ್ಕೂ ಕಡೆ 195/50 ಆರ್15 ಟೈರು. ಸ್ನೇಹಿತರು ಮಿಶಿಗನ್‌ನಲ್ಲಿ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ 1,40,000 ಕಿ.ಮೀ. ಓಡಿತ್ತು. ಹಿಂದಿನ ಮಾಲೀಕರು ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು ಸುಮಾರು 30 ಮಿ.ಮೀ. ತಗ್ಗಿಸಿದ್ದರು.

ಸ್ನೇಹಿತರು ಮೈಸೂರಿನವರು. ಡ್ರೈವಿಂಗ್ ಕಲಿತದ್ದು ಅಪ್ಪನ ಮಾರುತಿ 800ರಲ್ಲಿ. ಈ ವಿವರ ಸುಮ್ನೆ ಹಾಕಿಲ್ಲ. ನಮ್ಮಲ್ಲಿ ಓಡಾಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ತೊಲೆಗೆ ಕೂತಿರುತ್ತವೆ. ಅಲ್ಲಿ ತಿರುಗಿಸಿ ಸರಿಮಾಡಲು ಏನೂ ಇರುವುದಿಲ್ಲ. ಹಾಗಾಗಿ ಚಕ್ರಗಳ ಕೋನ ಸರಿಹೊಂದಿಸುವ ಅಲೈನ್‌ಮೆಂಟ್ ಎಂದರೆ ಮುಂದಿನ ಚಕ್ರದ್ದು ಎಂದೇ ನಾವೆಲ್ಲ ಬೆಳೆದಿದ್ದೇವೆ, ಅಲ್ವಾ? ಹಿಂದಿನದು ತಾನಾಗಿ ಹಿಂಬಾಲಿಸುತ್ತದೆ, ಅಷ್ಟೇ. ಮಿಶಿಗನ್‌ನ ಗ್ಯಾರೇಜಿನಲ್ಲಿ "ಎರಡು ಚಕ್ರದ್ದಾ, ನಾಲ್ಕರದ್ದಾ?" ಎಂದು ಕೇಳಿದಾಗ ಅವರು ಯೋಚಿಸದೆ ಎರಡರದ್ದು ಎಂದರು. ಅದು ಅರ್ಧ ದುಡ್ಡಿಗೆ ಆಗುತ್ತಿತ್ತು ಕೂಡ.

ಸಮಸ್ಯೆ

ಮೊದಲ ಸೆಟ್ ಟೈರು 14,000 ಕಿ.ಮೀ.ಗೆ ಮುಗಿಯಿತು. ನಾಲ್ಕೂ ಟೈರಿನ ಒಳ ಅಂಚು ಬೋಳಾಗಿತ್ತು. ಹೊರಗಿನಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಇಷ್ಟು ತಗ್ಗು ಕಾರಿನಲ್ಲಿ ಒಳ ಅಂಚು ಕಾಣಬೇಕಾದರೆ ನೆಲಕ್ಕೆ ಕೆನ್ನೆ ಹಚ್ಚಬೇಕು.

ಅವರು ಟೈರ್ ಕಂಪನಿಯನ್ನು ಬೈದು, ಬೇರೆ ಬ್ರ್ಯಾಂಡಿನ ದುಬಾರಿ ಸೆಟ್ ಹಾಕಿಸಿದರು. ಜೊತೆಗೆ ಇನ್ನೊಂದು ಸಲ ಮುಂದಿನ ಚಕ್ರದ ಅಲೈನ್‌ಮೆಂಟ್ ಮಾಡಿಸಿದರು. 9,000 ಕಿ.ಮೀ. ಆಗಿರಲಿಲ್ಲ, ಒಂದು ಮಳೆಯ ದಿನ ಹೆದ್ದಾರಿಗೆ ಹತ್ತುವ ತಿರುವಿನಲ್ಲಿ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿತು. ವೇಗ ಕಡಿಮೆ ಇತ್ತು, ಅಕ್ಕಪಕ್ಕ ಯಾರೂ ಇರಲಿಲ್ಲ, ಏನೂ ಆಗಲಿಲ್ಲ. ಮನೆಗೆ ಬಂದು ಜ್ಯಾಕ್ ಹಾಕಿ ನೋಡಿದರೆ ಹಿಂದಿನ ಎರಡೂ ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿ ಹೊಳೆಯುತ್ತಿತ್ತು. ಈ ಸಲ ಮುಂದಿನ ಎರಡು ಟೈರ್ ಚೆನ್ನಾಗಿಯೇ ಇದ್ದವು.

ಇಲ್ಲಿ ಒಂದು ಮಾತು. ಮೊದಲ ಸೆಟ್ಟಿನಲ್ಲಿ ನಾಲ್ಕೂ ಹಾಳಾಗಿ, ಎರಡನೆಯದರಲ್ಲಿ ಎರಡೇ ಹಾಳಾದದ್ದು ಯಾಕೆ? ಮೊದಲ ಸೆಟ್ಟನ್ನು ಅವರು 7,000 ಕಿ.ಮೀ.ಗೆ ಹಿಂದುಮುಂದು ಅದಲುಬದಲು ಮಾಡಿದ್ದರು. ಒಳ್ಳೆಯ ಅಭ್ಯಾಸವೇ. ಆದರೆ ಅದು ರೋಗದ ಗುರುತನ್ನು ಅಳಿಸಿಹಾಕಿತ್ತು. ಹಿಂದಿನ ಜಾಗವೇ ಟೈರ್ ತಿನ್ನುತ್ತಿದೆ ಎಂಬುದು ನಾಲ್ಕು ಟೈರಿಗೂ ಹಂಚಿಹೋಗಿ, ಇಡೀ ಕಾರಿನದೇ ತಪ್ಪು ಎಂದು ಕಾಣುವಂತಾಗಿತ್ತು. ಎರಡನೆಯ ಸಲ ಅದಲುಬದಲು ಮಾಡಲು ಮರೆತದ್ದೇ ಒಳ್ಳೆಯದಾಯಿತು.

ಇನ್ನೆರಡು ಸುಳಿವುಗಳನ್ನು ಅವರು ತಿಂಗಳುಗಟ್ಟಲೆ ಜೊತೆಯಲ್ಲೇ ಇಟ್ಟುಕೊಂಡು ಓಡಾಡಿದ್ದರು. ಒಂದು, ನೇರ ರಸ್ತೆಯಲ್ಲಿ ಸ್ಟೇರಿಂಗ್ ಒಂಚೂರು ಎಡಕ್ಕೆ ತಿರುಗಿಯೇ ಇರುತ್ತಿತ್ತು. ಎರಡು ಸಲ ಅಲೈನ್‌ಮೆಂಟ್ ಆದ ಮೇಲೂ ಹಾಗೆಯೇ. ಇನ್ನೊಂದು, ಲೇನ್ ಬದಲಿಸುವಾಗ ಕಾರು ಅತಿ ಚುರುಕಾಗಿ ತಿರುಗುತ್ತಿತ್ತು, ಹಿಂಭಾಗ ತನ್ನದೇ ಬುದ್ಧಿಯಿಂದ ಒಂದು ಹೆಜ್ಜೆ ಹಾಕಿದ ಹಾಗೆ. "ಸ್ಪೋರ್ಟ್ಸ್ ಕಾರು ಹಾಗೇ ಇರಬೇಕು" ಅಂದುಕೊಂಡಿದ್ದರು. ಅದು ಅವರಿಗೆ ಇಷ್ಟವೂ ಆಗಿತ್ತು.

ಕ್ಯಾಂಬರ್ ಎಂಬ ಸುಲಭದ ಉತ್ತರ

ಗ್ಯಾರೇಜಿನವರು ತಂತಿ ಕಂಡ ಟೈರ್ ನೋಡಿ ಹೇಳಿದ್ದು ಒಂದೇ ಮಾತು: ಕಾರು ತಗ್ಗಿಸಿದ್ದೀರಿ, ಕ್ಯಾಂಬರ್ ಜಾಸ್ತಿ ಆಗಿದೆ, ಒಳ ಅಂಚು ಸವೆಯುತ್ತದೆ. ಕೇಳಲು ಸರಿಯಾಗಿಯೇ ಇದೆ. ಕಾಲು ಅಗಲಿಸಿ ನಿಂತ ಪೈಲ್ವಾನನ ಹಾಗೆ ಚಕ್ರದ ತಲೆ ಒಳಕ್ಕೆ ವಾಲಿದರೆ ಅದು ನೆಗೆಟಿವ್ ಕ್ಯಾಂಬರ್. ಹಿಂದಿನಿಂದ ನೋಡಿದರೆ ಈ ಕಾರಿನಲ್ಲಿ ಅದು ಬರಿಗಣ್ಣಿಗೂ ಕಾಣುತ್ತಿತ್ತು.

ನನಗೆ ಫೋನ್ ಬಂದಾಗ ಸ್ನೇಹಿತರು ಕ್ಯಾಂಬರ್ ಹೊಂದಿಸಿಕೊಳ್ಳಬಹುದಾದ ಹೊಸ ಸಸ್ಪೆನ್ಷನ್ ತೋಳುಗಳನ್ನು ಆನ್‌ಲೈನ್ ಕಾರ್ಟಿಗೆ ಹಾಕಿ ಕೂತಿದ್ದರು. ಮುನ್ನೂರು ಚಿಲ್ಲರೆ ಡಾಲರ್. "ತಗೊಳ್ಳಲಾ?" ಎಂದರು. "ಭಾನುವಾರದವರೆಗೆ ತಡೀರಿ, ಟೈರ್ ಮುಟ್ಟಿ ನೋಡೋಣ" ಎಂದೆ. ಈ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಭಾನುವಾರ ಹಿಂದಿನ ಎಡ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದೆವು. ತಂತಿ ಎದ್ದ ಅಂಚನ್ನು ಬಿಟ್ಟು, ಇನ್ನೂ ಗೀರುಗಳು ಉಳಿದಿದ್ದ ನಡುಭಾಗದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದೆ. ಒಳ ಅಂಚಿನಿಂದ ಹೊರಕ್ಕೆ ಸವರಿದರೆ ನುಣುಪು, ಬೆಕ್ಕಿನ ಬೆನ್ನು ಸವರಿದ ಹಾಗೆ. ಹೊರಗಿನಿಂದ ಒಳಕ್ಕೆ ಸವರಿದರೆ ಪ್ರತಿ ಗೀರಿನ ಅಂಚೂ ಚರ್ಮಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಈಳಿಗೆಮಣೆಯ ತುರಿಹಲ್ಲು ತಾಗಿದ ಹಾಗೆ. ಸ್ನೇಹಿತರ ಕೈ ಹಿಡಿದು ಅದೇ ದಾರಿಯಲ್ಲಿ ಎರಡು ಸಲ ಓಡಿಸಿದೆ. "ಅರೆ!" ಎಂದರು.

ಕ್ಯಾಂಬರ್ ಒಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಬರೀ ಕ್ಯಾಂಬರಿನಿಂದ ಸವೆದ ಟೈರ್ ಓರೆಯಾಗಿ, ಆದರೆ ನುಣ್ಣಗೆ ಸವೆಯುತ್ತದೆ. ಎರಡೂ ದಿಕ್ಕಿಗೆ ಕೈ ಒಂದೇ ಥರ ಜಾರುತ್ತದೆ. ಸವೆತವೂ ನಿಧಾನ. ಗೀರುಗಳಿಗೆ ಗರಗಸದ ಹಲ್ಲು ಮೂಡಿದೆ ಎಂದರೆ ಟೈರನ್ನು ಯಾರೋ ಅಡ್ಡಕ್ಕೆ ಎಳೆಯುತ್ತಿದ್ದಾರೆ. ಆ ಯಾರೋ ಎಂಬುದು ಟೋ.

ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಎತ್ತ ಇದೆ ಅನ್ನುವುದು. ನಡೆಯುವಾಗ ಕೆಲವರ ಪಾದದ ತುದಿ ಒಳಕ್ಕೆ ತಿರುಗಿರುತ್ತದೆ, ಅದು ಟೋ-ಇನ್. ಕೆಲವರದು ಹೊರಕ್ಕೆ, ಅದು ಟೋ-ಔಟ್. ಹಲ್ಲು ಹೊರಗಿನಿಂದ ಒಳಕ್ಕೆ ಸವರಿದಾಗ ತಾಗಿದರೆ ಟೋ-ಔಟ್. ಉಲ್ಟಾ ಇದ್ದರೆ ಟೋ-ಇನ್. ಹಿಂದಿನ ಚಕ್ರ ಓಡಿಸುವ ಕಾರಿನ ಹಿಂಭಾಗದಲ್ಲಿ ಟೋ-ಔಟ್ ಇರಲೇಬಾರದು. ಟೈರಿನ ಮಾತು ಆಮೇಲೆ, ತಿರುವಿನಲ್ಲಿ ಆಕ್ಸಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಹೊರಟುಹೋಗುತ್ತದೆ. ಸ್ನೇಹಿತರಿಗೆ ಇಷ್ಟವಾಗಿದ್ದ ಆ ಚುರುಕು ಇದೇ.

ಮೀನಿನ ದಾರ

ಮಾಪಕ ಯಂತ್ರಕ್ಕೆ ಹೋಗುವ ಮೊದಲು ಮನೆಯಲ್ಲೇ ದಾರ ಕಟ್ಟಿ ಅಳೆದೆವು. ಕಾರಿನ ಎರಡೂ ಬದಿಗೆ ಸ್ಟ್ಯಾಂಡ್ ಇಟ್ಟು, ಚಕ್ರದ ನಡುವಿನ ಎತ್ತರಕ್ಕೆ ಮೀನು ಹಿಡಿಯುವ ದಾರವನ್ನು ಬಿಗಿಯಾಗಿ ಎಳೆಯುವುದು. ಎರಡು ದಾರಗಳೂ ಕಾರಿನ ನಡುರೇಖೆಗೆ ಸಮಾನಾಂತರವಾಗಿರಬೇಕು. ಇಲ್ಲಿ ಎಲ್ಲರೂ ಎಡವುತ್ತಾರೆ, ನಾವೂ ಎಡವಿದೆವು. ಈ ಕಾರಿನಲ್ಲಿ ಹಿಂದಿನ ಚಕ್ರಗಳ ನಡುವಿನ ಅಗಲ ಮುಂದಿನದಕ್ಕಿಂತ ಸುಮಾರು 25 ಮಿ.ಮೀ. ಜಾಸ್ತಿ. ಅಂದರೆ ಮುಂದಿನ ಚಕ್ರದ ನಡುಭಾಗವಾದ ಹಬ್‌ನಿಂದ ದಾರ ಎಷ್ಟು ದೂರವಿದೆಯೋ, ಹಿಂದಿನ ಹಬ್‌ನಿಂದ ಅದಕ್ಕಿಂತ 12-13 ಮಿ.ಮೀ. ಹತ್ತಿರ ಇರಬೇಕು. ಮೊದಲ ಸಲ ಎರಡೂ ಕಡೆ ಒಂದೇ ದೂರ ಇಟ್ಟು ಒಂದು ಗಂಟೆ ದಂಡ ಮಾಡಿದೆವು.

ಸರಿಯಾಗಿ ಕಟ್ಟಿದ ಮೇಲೆ ಉಕ್ಕಿನ ಸ್ಕೇಲಿನಲ್ಲಿ ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚು ದಾರದಿಂದ ಎಷ್ಟು ದೂರ ಎಂದು ನೋಡಿದೆವು. ಎಡ ಚಕ್ರದ ಮುಂದಿನ ಅಂಚು 3 ಮಿ.ಮೀ. ಹೊರಗಿತ್ತು. ಬಲಗಡೆ ಹೆಚ್ಚೆಂದರೆ 1 ಮಿ.ಮೀ. ಆಮೇಲೆ ಇನ್ನೊಂದು ಗ್ಯಾರೇಜಿನಲ್ಲಿ ನಾಲ್ಕೂ ಚಕ್ರ ಅಳೆಸಿದಾಗ ಯಂತ್ರ ಕೊಟ್ಟ ಲೆಕ್ಕ ಇದು: ಹಿಂದಿನ ಎಡ ಕ್ಯಾಂಬರ್ −2.3 ಡಿಗ್ರಿ, ಟೋ −0.42. ಹಿಂದಿನ ಬಲ ಕ್ಯಾಂಬರ್ −1.9, ಟೋ −0.10. ಟೋದಲ್ಲಿ ಮೈನಸ್ ಎಂದರೆ ಹೊರಕ್ಕೆ. ಐವತ್ತು ಪೈಸೆಯ ದಾರ ಯಂತ್ರದ ಜೊತೆ ಹೆಚ್ಚುಕಡಿಮೆ ಒಪ್ಪಿತ್ತು ಎಂಬ ಖುಷಿ ನನಗೆ ಇನ್ನೂ ಇದೆ.

ಸ್ನೇಹಿತರು ಕೇಳಿದ ಪ್ರಶ್ನೆ ಚೆನ್ನಾಗಿತ್ತು. "ತಪ್ಪು ಎಡಗಡೆ ಇದ್ದರೆ ಬಲ ಟೈರಿಗೂ ತಂತಿ ಯಾಕೆ ಬಂತು?" ಕಾರಣ ಇದು. ಹಿಂದಿನ ಚಕ್ರಗಳಿಗೆ ಸ್ಟೇರಿಂಗ್ ಇಲ್ಲ. ಎರಡೂ ಎಳೆದಾಡಿ, ಕೊನೆಗೆ ನಡುವಿನ ಒಂದು ದಿಕ್ಕಿಗೆ ರಾಜಿಯಾಗುತ್ತವೆ. ಎಡದ 0.42, ಬಲದ 0.10 ಸೇರಿ 0.52. ಓಡುವಾಗ ಅದು ಇಬ್ಬರಿಗೂ ಸಮಪಾಲಾಗಿ 0.26 ಡಿಗ್ರಿ ಆಗುತ್ತದೆ. ಇಡೀ ಕಾರು ಏಡಿಯ ಹಾಗೆ ಕೊಂಚ ಓರೆಯಾಗಿ ಓಡುತ್ತದೆ. ಆ ಓರೆಯನ್ನು ಸರಿದೂಗಿಸಲು ಚಾಲಕ ಸ್ಟೇರಿಂಗನ್ನು ಎಡಕ್ಕೆ ಹಿಡಿಯಬೇಕು. ಮುಂದಿನ ಚಕ್ರಗಳನ್ನು ಎಷ್ಟು ಸಲ ತಿದ್ದಿದರೂ ಅದು ಹೋಗದಿದ್ದದ್ದು ಇದಕ್ಕೇ.

0.26 ಡಿಗ್ರಿ ಕೇಳಲು ಏನೂ ಅಲ್ಲ. ಲೆಕ್ಕ ಹಾಕಿ ನೋಡಿ. ಪ್ರತಿ ಕಿಲೋಮೀಟರಿಗೆ ಟೈರು ಸುಮಾರು 4.5 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗೆ. 9,000 ಕಿ.ಮೀ.ಗೆ 40 ಕಿ.ಮೀ. ದಾಟುತ್ತದೆ. ಮೈಸೂರಿನಿಂದ ಹೆಚ್ಚುಕಡಿಮೆ ಮಂಡ್ಯದವರೆಗೆ ಟೈರನ್ನು ಅಡ್ಡಡ್ಡ ಎಳೆದುಕೊಂಡು ಹೋದಂತೆ! ರಬ್ಬರ್ ಬಾಗಿ ಇದರಲ್ಲಿ ಒಂದಷ್ಟನ್ನು ನುಂಗಿಕೊಳ್ಳುತ್ತದೆ, ಪೂರ್ತಿ ಉಜ್ಜುವುದಿಲ್ಲ, ನಿಜ. ಕ್ಯಾಂಬರಿಗೂ ಪಾಲಿದೆ. ಒಳ ಅಂಚಿನ ಮೇಲೆ ಭಾರ ಹೇರಿಕೊಟ್ಟದ್ದು ಅದೇ. ಆದರೆ ಉಜ್ಜಿದ್ದು ಟೋ.

ಕಾರ್ಟಿನಲ್ಲಿದ್ದ ತೋಳುಗಳನ್ನು ಅವತ್ತೇ ತೆಗೆದುಹಾಕಿದರು. ಅವನ್ನು ಹಾಕಿಸಿ ಕ್ಯಾಂಬರ್ ಮಾತ್ರ ನೆಟ್ಟಗೆ ಮಾಡಿದ್ದರೆ, ತಂತಿ ಒಂದೆರಡು ಸಾವಿರ ಕಿಲೋಮೀಟರ್ ತಡವಾಗಿ ಕಾಣುತ್ತಿತ್ತು, ಅಷ್ಟೇ.

ಉಪ್ಪು ತಿಂದ ಬೋಲ್ಟುಗಳು

ಈ ಕಾರಿನಲ್ಲಿ ಹೊಂದಾಣಿಕೆಗೆ ಬೇಕಾದದ್ದೆಲ್ಲ ಕಾರ್ಖಾನೆಯಿಂದಲೇ ಬಂದಿರುತ್ತದೆ. ಹಿಂದಿನ ಪ್ರತಿ ಕೆಳತೋಳಿನ ಬುಡದಲ್ಲಿ ಎರಡು ಕ್ಯಾಮ್ ಬೋಲ್ಟ್, ಅಂದರೆ ತಿರುಗಿಸಿದರೆ ತೋಳಿನ ಬುಡವನ್ನು ಅತ್ತಿತ್ತ ಸರಿಸುವ ಬೋಲ್ಟ್. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಕ್ಯಾಂಬರ್ ಬದಲಾಗುತ್ತದೆ, ಒಂದನ್ನು ಇನ್ನೊಂದಕ್ಕಿಂತ ಜಾಸ್ತಿ ತಿರುಗಿಸಿದರೆ ಟೋ. ಹತ್ತು ನಿಮಿಷದ ಕೆಲಸ. ಬೋಲ್ಟ್ ತಿರುಗಿದರೆ.

ಮಿಶಿಗನ್‌ನಲ್ಲಿ ಚಳಿಗಾಲ ಎಂದರೆ ರಸ್ತೆಗೆಲ್ಲ ಉಪ್ಪು. ಡೆಟ್ರಾಯಿಟ್ ನಗರದ ಅಡಿಯಲ್ಲೇ ದೊಡ್ಡ ಉಪ್ಪಿನ ಗಣಿ ಇದೆ, ಕೊರತೆ ಇಲ್ಲ. ಹತ್ತಿಪ್ಪತ್ತು ಚಳಿಗಾಲ ಕಂಡ ಬೋಲ್ಟು, ತೋಳಿನ ಕೀಲಿನಲ್ಲಿ ಕೂರುವ ರಬ್ಬರ್ ಬುಶ್‌ನ ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಬೆಸೆದುಹೋಗುತ್ತದೆ. ಆಗ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೋಲ್ಟ್ ಜೊತೆ ಕೊಳವೆ, ಕೊಳವೆ ಜೊತೆ ರಬ್ಬರೂ ತಿರುಚಿಕೊಂಡು, ಕೈ ಬಿಟ್ಟ ಕೂಡಲೇ ವಾಪಸ್ಸು ಬರುತ್ತದೆ. ಅಳೆಸಿದ ಗ್ಯಾರೇಜಿನವರು ಒಂದು ಸಲ ತಿರುಗಿಸಿ ನೋಡಿ, "ಮುರಿದರೆ ನಾವು ಜವಾಬ್ದಾರರಲ್ಲ" ಎಂದು ಕಾರು ಕೆಳಗಿಳಿಸಿದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಕನಿಷ್ಠ ಬಾಯಿಬಿಟ್ಟು ಹೇಳಿದರು.

ಒಂದು ವಾರ ಪ್ರತಿ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹೊಡೆದೆವು. ಬಲಗಡೆಯ ಎರಡು ಬೋಲ್ಟುಗಳು ಕಿರುಗುಟ್ಟುತ್ತಾ ಬಿಟ್ಟವು. ಎಡಗಡೆಯವು ಬಿಡಲಿಲ್ಲ. ಟಾರ್ಚಿನಿಂದ ಕಾಯಿಸೋಣ ಎಂದು ಸ್ನೇಹಿತರು ಹೊರಟಾಗ ನಾನು ಬೇಡ ಎಂದೆ. ಪೆಟ್ರೋಲ್ ಟ್ಯಾಂಕ್ ಹತ್ತಿರವೇ ಇದೆ, ರಬ್ಬರ್ ಬುಶ್ ಹೊತ್ತಿಕೊಂಡರೆ ಕಷ್ಟ. ಒಬ್ಬ ಹಳೆಯ ಮೆಕ್ಯಾನಿಕ್ಕಿನ ಸಣ್ಣ ಶೆಡ್ಡಿಗೆ ಒಯ್ದೆವು. ಅವರು ಗರಗಸದಿಂದ ಬುಶ್ ಮತ್ತು ಬ್ರ್ಯಾಕೆಟ್ಟಿನ ಸಂದಿಯಲ್ಲಿ ಎರಡೂ ಬೋಲ್ಟುಗಳನ್ನು ಕತ್ತರಿಸಿ ತೆಗೆದು, ಹೊಸ ಬುಶ್ ಒತ್ತಿ, ಹೊಸ ಬೋಲ್ಟಿಗೆ ತುಕ್ಕು ಹಿಡಿಯದ ಗ್ರೀಸ್ ಬಳಿದು ಕೂರಿಸಿದರು. ಇಡೀ ದಿನ ಹಿಡಿಯಿತು.

ನಮ್ಮ ತಪ್ಪು ಬಲಗಡೆ ಆಗಿತ್ತು. ಬೋಲ್ಟ್ ಬಿಟ್ಟ ಖುಷಿಯಲ್ಲಿ, ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಗ್ರೀಸ್ ಹಚ್ಚಿ ಬಿಗಿ ಮಾಡಿಬಿಟ್ಟೆವು. ರಬ್ಬರ್ ಬುಶ್ಶನ್ನು ಬಿಗಿ ಮಾಡಬೇಕಾದದ್ದು ಕಾರಿನ ಪೂರ್ತಿ ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಇಲ್ಲದಿದ್ದರೆ ಕಾರು ಇಳಿಸಿದಾಗ ರಬ್ಬರ್ ತಿರುಚಿಕೊಂಡು ಇನ್ನೊಂದು ಸ್ಪ್ರಿಂಗಿನ ಹಾಗೆ ಮೇಲಕ್ಕೆ ತಳ್ಳುತ್ತದೆ. ಹಿಂದಿನ ಬಲ ಮೂಲೆ ಎಡಕ್ಕಿಂತ 8 ಮಿ.ಮೀ. ಎತ್ತರ ನಿಂತಿತ್ತು. ನಾವು ಸ್ಪ್ರಿಂಗ್ ದೋಷ ಅಂದುಕೊಂಡೆವು. ಆ ಹಳೆಯ ಮೆಕ್ಯಾನಿಕ್ ನಕ್ಕು, ಸಡಿಲ ಮಾಡಿ, ಕಾರನ್ನು ಹಿಂದುಮುಂದು ಉರುಳಿಸಿ, ಮತ್ತೆ ಬಿಗಿದರು. ಎತ್ತರ ಸರಿಹೋಯಿತು. ಎತ್ತರ ತಪ್ಪಿದ್ದಾಗ ಅಲೈನ್‌ಮೆಂಟ್ ಮಾಡಿಸಿದ್ದರೆ ಆ ದುಡ್ಡೂ ನೀರಿಗೆ ಹೋಗುತ್ತಿತ್ತು.

ಕೊನೆಯ ಅಲೈನ್‌ಮೆಂಟ್

ಈ ಸಲ ನಾಲ್ಕೂ ಚಕ್ರ, ಮೊದಲು ಹಿಂದಿನವು, ಆಮೇಲೆ ಮುಂದಿನವು. ಹಿಂದಿನ ದಿಕ್ಕು ಗೊತ್ತಾದ ಮೇಲೆಯೇ ಮುಂದಿನದನ್ನು ಅದಕ್ಕೆ ಹೊಂದಿಸಲು ಸಾಧ್ಯ. ಟ್ಯಾಂಕ್ ಅರ್ಧ ತುಂಬಿಸಿದ್ದೆವು. ಗಾಳಿ ಬಾಗಿಲ ಚೌಕಟ್ಟಿನ ಚೀಟಿಯಂತೆ 26 ಪಿಎಸ್‌ಐ. ಅಲ್ಲಿಯವರೆಗೆ ಸ್ನೇಹಿತರು ಮನೆಯ ದೊಡ್ಡ ಕಾರಿನ ಲೆಕ್ಕದಲ್ಲಿ 35 ಹೊಡೆಸುತ್ತಿದ್ದರು. ಇಷ್ಟು ಹಗುರದ ಕಾರಿನಲ್ಲಿ ಒಬ್ಬ ಮನುಷ್ಯ ಕೂತರೂ ಅಂಕಿ ಬದಲಾಗುತ್ತದೆ. ಹಾಗಾಗಿ ಚಾಲಕನ ಸೀಟಿನ ಮೇಲೆ, ಕಾಲಿಡುವ ಜಾಗದಲ್ಲಿ ನೀರು ಮೆದುಗೊಳಿಸುವ ಯಂತ್ರಕ್ಕೆ ತಂದಿದ್ದ ಉಪ್ಪಿನ ಚೀಲಗಳನ್ನು ಇಟ್ಟೆವು. ಒಂದೊಂದು 18 ಕಿಲೋ, ನಾಲ್ಕು ಚೀಲ. ಕಾರು ಕೆಡಿಸಿದ್ದೂ ಉಪ್ಪೇ, ಸರಿಮಾಡಲು ಕೂತದ್ದೂ ಉಪ್ಪೇ.

ಹಿಂದೆ ಕ್ಯಾಂಬರ್ ಎರಡೂ ಕಡೆ −1.6, ಟೋ-ಇನ್ ಪ್ರತಿ ಚಕ್ರಕ್ಕೆ 0.10 ಡಿಗ್ರಿ. ಮುಂದೆ ಟೋ-ಇನ್ 0.05. ಸ್ಟೇರಿಂಗ್ ನೆಟ್ಟಗೆ ನಿಂತಿತು. ಪೂರ್ತಿ ಸೊನ್ನೆ ಯಾಕಲ್ಲ ಎಂದು ತಂತ್ರಜ್ಞರನ್ನು ಸ್ನೇಹಿತರು ಕೇಳಿದರು. ಬ್ರೇಕ್ ಒತ್ತಿದಾಗ ಬುಶ್‌ಗಳು ಬಾಗಿ ಚಕ್ರದ ಮೂತಿ ಹೊರಕ್ಕೆ ಹೋಗಲು ನೋಡುತ್ತದೆ. ನಿಂತಾಗ ಸ್ವಲ್ಪ ಒಳಕ್ಕೆ ಇಟ್ಟಿದ್ದರೆ ಓಡುವಾಗ ನೇರವಾಗಿ ಉಳಿಯುತ್ತದೆ.

ಏನಾಯಿತು

ಹೊಸ ಟೈರಿನಲ್ಲಿ 12,000 ಕಿ.ಮೀ. ಆಗಿದೆ. ಪ್ರತಿ ಎರಡು ಸಾವಿರಕ್ಕೆ ಗೀರಿನ ಆಳವನ್ನು ಮೂರು ಕಡೆ ಅಳೆದು ಹಾಳೆಯಲ್ಲಿ ಬರೆಯುತ್ತಾರೆ: ಹೊರ ಅಂಚು, ನಡು, ಒಳ ಅಂಚು. ಹೊಸದರಲ್ಲಿ 8 ಮಿ.ಮೀ. ಹತ್ತಿರ ಇತ್ತು. ಈಗ ಹಿಂದಿನ ಎಡ 6.1, 5.9, 5.6. ಬಲ 6.1, 6.0, 5.7. ಒಳ ಅಂಚು ಈಗಲೂ ಸ್ವಲ್ಪ ಬೇಗ ಸವೆಯುತ್ತಿದೆ. ತಗ್ಗಿಸಿದ ಕಾರಿನಲ್ಲಿ ಕ್ಯಾಂಬರ್ ತನ್ನ ಪಾಲು ಕೇಳುತ್ತದೆ, ಕೊಡಲೇಬೇಕು. ಅಂಗೈಗೆ ಹಲ್ಲು ಮಾತ್ರ ತಾಗುವುದಿಲ್ಲ. ಟೈರುಗಳನ್ನು ಅವರು ಬೇಕೆಂದೇ ಇನ್ನೂ ಅದಲುಬದಲು ಮಾಡಿಲ್ಲ. ಯಾವ ಜಾಗ ಏನು ಮಾಡುತ್ತಿದೆ ಎಂದು ಒಂದು ಸೆಟ್ಟಿನಲ್ಲಾದರೂ ಪೂರ್ತಿ ನೋಡಬೇಕಂತೆ.

ಒಂದು ದೂರು ಇದೆ. ಕಾರು ಮೊದಲಿನಷ್ಟು ಚುರುಕಿಲ್ಲ ಎಂದು ಮೊದಲ ವಾರವೇ ಫೋನ್ ಮಾಡಿದ್ದರು. "ಮಜಾ ಸ್ವಲ್ಪ ಕಮ್ಮಿ ಆಯ್ತು ಕಣ್ರೀ." ಮಳೆಯಲ್ಲಿ ಅದೇ ಹೆದ್ದಾರಿ ತಿರುವು ಹತ್ತಿ ಬನ್ನಿ ಎಂದೆ. ಹತ್ತಿ ಬಂದವರು ಆ ಮಾತು ಮತ್ತೆ ಎತ್ತಲಿಲ್ಲ. ಬದಲಿಗೆ ಮುಂದಿನ ಕ್ಯಾಂಬರ್ ಒಂಚೂರು ಹೆಚ್ಚಿಸಿದರೆ ತಿರುವಿನಲ್ಲಿ ಮೂತಿ ಚೆನ್ನಾಗಿ ಕಚ್ಚುತ್ತದಲ್ವಾ ಎಂದರು. ಅದು ಸರಿಯಾದ ಯೋಚನೆ. ಆದರೆ ಮುಂದಿನ ಬಲಗಡೆಯ ಒಂದು ಕ್ಯಾಮ್ ಬೋಲ್ಟ್ ಇನ್ನೂ ಬಿಟ್ಟಿಲ್ಲ. ಎಡಗಡೆ −0.7 ಇದೆ, ಬಲಗಡೆ −0.4ಕ್ಕೆ ನಿಂತಿದೆ. ಇಷ್ಟು ವ್ಯತ್ಯಾಸಕ್ಕೆ ಟೈರ್ ಹಾಳಾಗುವುದಿಲ್ಲ, ಅದನ್ನು ಕತ್ತರಿಸುವ ಖರ್ಚು ಈಗ ಬೇಡ ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಿದೆವು. ಅವರಂತೂ ಪ್ರತಿ ಭಾನುವಾರ ಕಾರಿನಡಿ ತೂರಿ ಆ ಬೋಲ್ಟಿಗೆ ಎಣ್ಣೆ ಬಿಟ್ಟು ಬರುತ್ತಿದ್ದಾರೆ.